ಗೋಮಾಳ, ಕೆರೆ, ದೇವರಕಾಡು ಮತ್ತು ಉದ್ಯಾನವನ: ಸಾರ್ವಜನಿಕ ತೆರೆದ ಜಾಗಗಳ ಸಂರಕ್ಷಣೆಯ ಬಗ್ಗೆ ನಾಗರಿಕರಿಗೆ ಮಾಹಿತಿ

ಪೀಠಿಕೆ

ಗ್ರಾಮದ ದನಕರುಗಳು ಮೇಯುವ ಗೋಮಾಳ, ನೀರು ನಿಲ್ಲುವ ಕೆರೆ ಕುಂಟೆ, ಹರಿಯುವ ಹಳ್ಳ, ಊರಿನವರು ಕೊಡಲಿ ಹಾಕದೆ ಉಳಿಸಿಕೊಂಡು ಬಂದ ದೇವರಕಾಡು, ಬಡಾವಣೆಯ ಉದ್ಯಾನವನ ಮತ್ತು ಆಟದ ಮೈದಾನ - ಇವೆಲ್ಲವೂ ಸಾರ್ವಜನಿಕ ತೆರೆದ ಜಾಗಗಳು. ಖಾಸಗಿ ಜಮೀನು ಒತ್ತುವರಿಯಾದಲ್ಲಿ ಅದರ ಮಾಲೀಕರು ಮರುದಿನವೇ ಕಚೇರಿಗೆ ಬಂದು ದೂರು ನೀಡುತ್ತಾರೆ. ಎಲ್ಲರಿಗೂ ಸೇರಿದ ಜಾಗ ಒತ್ತುವರಿಯಾದಾಗ ದೂರು ನೀಡುವುದು ಯಾರೊಬ್ಬರ ಕೆಲಸವೂ ಅಲ್ಲವೆಂಬಂತೆ ಉಳಿದುಬಿಡುತ್ತದೆ. ಅರ್ಜಿ ಬರುವ ವೇಳೆಗೆ ಬೇಲಿ ಹಾಕಿ, ಬೆಳೆ ಬೆಳೆದು, ಕೆಲವೊಮ್ಮೆ ಕಟ್ಟಡವೂ ಎದ್ದಿರುತ್ತದೆ.

ಇಂತಹ ಜಾಗಗಳಿಗೆ ಕಾನೂನಿನಲ್ಲಿ ಯಾವ ರಕ್ಷಣೆ ಇದೆ, ಯಾವ ದಾಖಲೆಯಲ್ಲಿ ಅದನ್ನು ಕಾಣಬಹುದು, ನಾಗರಿಕರು ಯಾವ ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಯಾವುದೇ ತೆರೆದ ಜಾಗ ಉಳಿಯಬೇಕಾದರೆ ಈ ಕೆಳಕಂಡ ನಾಲ್ಕು ಅಂಶಗಳು ಇರಬೇಕು:

1. ಸದರಿ ಜಾಗವನ್ನು ನಿರ್ದಿಷ್ಟ ಉದ್ದೇಶಕ್ಕೆ ಕಾಯ್ದಿರಿಸಿದ ಆದೇಶ ಅಥವಾ ಅಧಿಸೂಚನೆ.
2. ಆ ಉದ್ದೇಶದ ಬಗ್ಗೆ ಪಹಣಿಯಲ್ಲಿ ಅಥವಾ ಅನುಮೋದಿತ ಬಡಾವಣೆ ನಕ್ಷೆಯಲ್ಲಿ ನಮೂದು.
3. ಅಳತೆ ಮಾಡಿ ಗುರುತಿಸಿದ ಗಡಿ.
4. ಕಾಲಕಾಲಕ್ಕೆ ಸ್ಥಳವನ್ನು ನೋಡಿಕೊಳ್ಳುವ ಸಂಸ್ಥೆ ಹಾಗೂ ಜನ.

ಇವುಗಳಲ್ಲಿ ಒಂದು ಇಲ್ಲವಾದರೂ ಉಳಿದ ಮೂರು ದುರ್ಬಲವಾಗುತ್ತವೆ. ಆದುದರಿಂದ ಅರ್ಜಿದಾರರು ತಮ್ಮ ಊರಿನ ಜಾಗಕ್ಕೆ ಈ ನಾಲ್ಕರಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಸೂಕ್ತ.

ಸರ್ಕಾರದ ಹೊಣೆ

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 67ರ ಪ್ರಕಾರ ಸಾರ್ವಜನಿಕ ರಸ್ತೆ, ನದಿ, ಹಳ್ಳ, ಕೆರೆ ಮುಂತಾದವು ಹಾಗೂ ಬೇರೆಯವರ ಸ್ವತ್ತಲ್ಲದ ಜಮೀನುಗಳು ರಾಜ್ಯ ಸರ್ಕಾರದ ಸ್ವತ್ತಾಗಿರುತ್ತವೆ. ಆದರೆ ಈ ಒಡೆತನವು ಖಾಸಗಿ ವ್ಯಕ್ತಿಯ ಒಡೆತನದಂತಹುದಲ್ಲ. ಹಿಮಾಚಲ ಪ್ರದೇಶದ ಬಿಯಾಸ್ ನದಿಪಾತ್ರಕ್ಕೆ ಸಂಬಂಧಿಸಿದ ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ನೀಡಿದ ತೀರ್ಪಿನಂತೆ, ಇಂತಹ ನೈಸರ್ಗಿಕ ಸಂಪತ್ತನ್ನು ಸರ್ಕಾರವು ಜನರ ಪರವಾಗಿ ನ್ಯಾಸಧಾರಿಯಾಗಿ ಹೊಂದಿರುತ್ತದೆ. ನ್ಯಾಸದ ಸ್ವತ್ತಿನ ಲೆಕ್ಕವನ್ನು ಕೇಳುವ ಅಧಿಕಾರ ಫಲಾನುಭವಿಗೆ ಇರುವಂತೆ, ಸಾರ್ವಜನಿಕ ಜಾಗದ ಸ್ಥಿತಿಗತಿಯನ್ನು ಕೇಳುವ ಅಧಿಕಾರ ನಾಗರಿಕರಿಗಿದೆ.

ಗೋಮಾಳ

ಸರ್ಕಾರಿ ಜಮೀನನ್ನು ದನಕರುಗಳ ಮೇವಿಗೆ, ಅರಣ್ಯಕ್ಕೆ ಅಥವಾ ಇತರ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ಭೂ ಕಂದಾಯ ಅಧಿನಿಯಮದ ಕಲಂ 71ರಲ್ಲಿ ಅವಕಾಶವಿದೆ. ಹೀಗೆ ಒಮ್ಮೆ ಕಾಯ್ದಿರಿಸಿದ ಜಮೀನನ್ನು ಜಿಲ್ಲಾಧಿಕಾರಿಗಳ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.

ಗೋಮಾಳದ ವಿಸ್ತೀರ್ಣಕ್ಕೆ ಒಂದು ಅಳತೆಗೋಲು ಇದೆ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ನಿಯಮ 97ರ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಜಮೀನನ್ನು ಉಚಿತ ಮೇವಿಗಾಗಿ ಕಾಯ್ದಿರಿಸಬೇಕು. ಉದಾಹರಣೆಗೆ, 350 ಜಾನುವಾರುಗಳಿರುವ ಗ್ರಾಮಕ್ಕೆ 42 ಹೆಕ್ಟೇರು (ಸುಮಾರು 104 ಎಕರೆ) ಗೋಮಾಳ ಬೇಕಾಗುತ್ತದೆ.

ಈ ಲೆಕ್ಕ ಏಕೆ ಮುಖ್ಯವೆಂದರೆ, ಗೋಮಾಳದ ಒಂದು ಭಾಗವನ್ನು ಬೇರೆ ಉದ್ದೇಶಕ್ಕೆ ನೀಡುವ ಪ್ರಸ್ತಾವನೆ ಬಂದಾಗ, ಗ್ರಾಮದ ಜಾನುವಾರು ಸಂಖ್ಯೆಗೆ ಹೋಲಿಸಿದರೆ ಜಮೀನು ಹೆಚ್ಚುವರಿಯಾಗಿದೆಯೇ ಎಂಬುದನ್ನು ನೋಡಲಾಗುತ್ತದೆ. ಪ್ರಸ್ತಾವನೆಯಲ್ಲಿ ಜಾನುವಾರುಗಳ ಸಂಖ್ಯೆ ಕಡಿಮೆ ಕಾಣಿಸಿದ್ದಲ್ಲಿ ಹೆಚ್ಚುವರಿ ಜಮೀನು ತಾನಾಗಿಯೇ ಲೆಕ್ಕದಲ್ಲಿ ಮೂಡುತ್ತದೆ. ಆದುದರಿಂದ ಗ್ರಾಮಸ್ಥರು ಪಶುಪಾಲನಾ ಇಲಾಖೆಯ ಜಾನುವಾರು ಗಣತಿಯ ಸಂದರ್ಭದಲ್ಲಿ ತಮ್ಮ ಮನೆಯ ಎಲ್ಲ ಜಾನುವಾರುಗಳನ್ನು ತಪ್ಪದೆ ಬರೆಸಬೇಕು. ಗಣತಿದಾರರು ಬಂದಾಗ ಮಾಹಿತಿ ಕೊಡದೆ, ಮುಂದೆ ಗೋಮಾಳ ಕಡಿಮೆಯಾಯಿತೆಂದು ಆಕ್ಷೇಪಿಸುವುದರಿಂದ ಅರ್ಜಿಯ ಬಲ ಕುಗ್ಗುತ್ತದೆ.

ಕೆರೆ, ಹಳ್ಳ ಮತ್ತು ರಾಜಕಾಲುವೆ

ಕೆರೆಗಳೆಲ್ಲವೂ ಒಂದೇ ಇಲಾಖೆಯ ಸುಪರ್ದಿನಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಯಲ್ಲಿಯೂ, 40ರಿಂದ 2000 ಹೆಕ್ಟೇರು ಅಚ್ಚುಕಟ್ಟು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಯಲ್ಲಿಯೂ ಬರುತ್ತವೆ. ನಗರಗಳಲ್ಲಿ ಪಾಲಿಕೆ ಅಥವಾ ಪುರಸಭೆ, ಕೆಲವೆಡೆ ಅರಣ್ಯ ಇಲಾಖೆ ಕೆರೆಯನ್ನು ನಿರ್ವಹಿಸುತ್ತವೆ. ಕೆರೆಯ ನಿರ್ವಹಣೆ ಯಾರ ಬಳಿ ಇದ್ದರೂ ಸರ್ಕಾರಿ ಕೆರೆ ಅಂಗಳದ ಅಳತೆ ಮತ್ತು ಒತ್ತುವರಿಯ ಪ್ರಶ್ನೆ ಬಂದಾಗ ಕಂದಾಯ ಹಾಗೂ ಭೂಮಾಪನ ಇಲಾಖೆಗಳ ದಾಖಲೆಗಳೇ ಆಧಾರ.

ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 2014ರಂತೆ ಕೆರೆಯ ಒತ್ತುವರಿ ಹಾಗೂ ಕೆರೆಗೆ ತ್ಯಾಜ್ಯ ಸುರಿಯುವುದನ್ನು ನಿಷೇಧಿಸಲಾಗಿದೆ. ಕೆರೆಯಲ್ಲಿ ನೀರಿಲ್ಲ ಎಂಬ ಕಾರಣಕ್ಕೆ ಅದು ಕೆರೆಯಲ್ಲವೆಂದು ಆಗುವುದಿಲ್ಲ. ಗ್ರಾಮ ನಕ್ಷೆಯಲ್ಲಿ ಕೆರೆ ಎಂದು ಗುರುತಿಸಿರುವ ಅಂಗಳವು ಬೇಸಿಗೆಯಲ್ಲಿಯೂ ಕೆರೆಯೇ.

ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಗ್ರಾಮದಲ್ಲಿ ಊರ ಕೊಳವನ್ನು ಮಣ್ಣು ತುಂಬಿ ಮನೆ ಕಟ್ಟಲಾಗಿತ್ತು. ಜಮೀನಿನ ಬೆಲೆ ಕಟ್ಟಿಸಿಕೊಂಡು ಸಕ್ರಮ ಮಾಡಬಹುದೆಂಬ ಅಧಿಕಾರಿಯ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು ದಿನಾಂಕ 28-01-2011ರ ಜಗ್‌ಪಾಲ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದ ತೀರ್ಪಿನಲ್ಲಿ ತಳ್ಳಿಹಾಕಿತು. ಗ್ರಾಮದ ಸಾಮುದಾಯಿಕ ಜಮೀನುಗಳ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. ಕರ್ನಾಟಕದ ಗ್ರಾಮಸ್ಥರೂ ತಮ್ಮ ಅರ್ಜಿಗಳಲ್ಲಿ ಈ ತೀರ್ಪನ್ನು ಉಲ್ಲೇಖಿಸಬಹುದು.

ದೇವರಕಾಡು

ಕೊಡಗು ಜಿಲ್ಲೆಯ ದೇವರಕಾಡುಗಳು ಜನರ ನಂಬಿಕೆಯಿಂದಲೇ ಉಳಿದ ಕಾಡುಗಳು. ಆದರೆ ನಂಬಿಕೆಯೊಂದರಿಂದಲೇ ಜಮೀನು ಪೂರ್ತಿಯಾಗಿ ಉಳಿಯಲಿಲ್ಲ ಎಂಬುದಕ್ಕೂ ಅವೇ ಸಾಕ್ಷಿ. 1905ರಲ್ಲಿ ಇವು ಕಂದಾಯ ಇಲಾಖೆಗೆ ವರ್ಗಾವಣೆಯಾದಾಗ ಒಟ್ಟು ವಿಸ್ತೀರ್ಣ 15,506 ಎಕರೆ ಇತ್ತು. 1985ರಲ್ಲಿ ಮರಳಿ ಅರಣ್ಯ ಇಲಾಖೆಗೆ ಬಂದಾಗ 6,299 ಎಕರೆ ಮಾತ್ರ ಉಳಿದಿತ್ತು. ಎಂಬತ್ತು ವರ್ಷಗಳಲ್ಲಿ ಐದರಲ್ಲಿ ಮೂರು ಪಾಲು ಕೈತಪ್ಪಿ, ಎರಡು ಪಾಲು ಉಳಿಯಿತು. ದೇವರಿಗೆ ಬಿಟ್ಟ ಕಾಡು ಎಂಬುದು ಊರಿನವರಿಗೆಲ್ಲ ಗೊತ್ತಿದ್ದರೂ, ಗಡಿಯ ಕಲ್ಲು ಹಾಗೂ ಸತತ ಉಸ್ತುವಾರಿ ಇಲ್ಲದ ಕಡೆ ಪಕ್ಕದ ಜಮೀನು ವರ್ಷಕ್ಕೆ ಒಂದಿಷ್ಟು ಒಳಗೆ ಸರಿದುಬರುತ್ತದೆ.

ದೇವರಕಾಡು, ದೇವರಬನ, ನಾಗಬನ ಇತ್ಯಾದಿ ಹೆಸರುಗಳಿಂದ ಕರೆಯಲ್ಪಡುವ ಜಾಗಗಳ ದಾಖಲೆ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ. ಕೆಲವು ಅರಣ್ಯವೆಂದೂ, ಕೆಲವು ಸರ್ಕಾರಿ ಖರಾಬು ಎಂದೂ, ಕೆಲವು ಖಾಸಗಿ ಕುಟುಂಬದ ಅಥವಾ ದೇವಸ್ಥಾನದ ಹೆಸರಿನಲ್ಲಿಯೂ ಇರಬಹುದು. ಪಹಣಿಯನ್ನು ನೋಡದೆ ಯಾವ ಇಲಾಖೆಗೆ ಅರ್ಜಿ ಕೊಡಬೇಕೆಂದು ನಿರ್ಧರಿಸಬಾರದು.

ನಗರದ ಉದ್ಯಾನವನ ಮತ್ತು ಆಟದ ಮೈದಾನ

ನಗರ ಪ್ರದೇಶಗಳಲ್ಲಿ ಈ ಕೆಳಕಂಡ ಕಾನೂನುಗಳು ಅನ್ವಯವಾಗುತ್ತವೆ:

1. ಕರ್ನಾಟಕ ಸರ್ಕಾರಿ ಉದ್ಯಾನವನಗಳ (ಸಂರಕ್ಷಣೆ) ಅಧಿನಿಯಮ, 1975. ಬೆಂಗಳೂರಿನ ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗ್ ಇದರ ರಕ್ಷಣೆಯಲ್ಲಿವೆ.

2. ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ತೆರೆದ ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಅಧಿನಿಯಮ, 1985. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಇಂತಹ ಜಾಗಗಳ ಪಟ್ಟಿಯನ್ನು ಸಿದ್ಧಪಡಿಸಬೇಕೆಂಬುದು ಇದರ ಮುಖ್ಯ ಅಂಶ. ಪಟ್ಟಿಯಲ್ಲಿ ತಮ್ಮ ಬಡಾವಣೆಯ ಉದ್ಯಾನವನ ಸೇರಿದೆಯೇ ಎಂಬುದನ್ನು ನಿವಾಸಿಗಳು ವಿಚಾರಿಸಿಕೊಳ್ಳಬೇಕು.

3. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976. ಪ್ರಾಧಿಕಾರದ ಬಡಾವಣೆ ಯೋಜನೆಯಲ್ಲಿ ಕನಿಷ್ಠ ಶೇಕಡ 15ರಷ್ಟು ಪ್ರದೇಶವನ್ನು ಉದ್ಯಾನವನ ಮತ್ತು ಆಟದ ಮೈದಾನಗಳಿಗೆ, ಅದರ ಮೇಲೆ ಕನಿಷ್ಠ ಶೇಕಡ 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕು. ಹೀಗೆ ಮೀಸಲಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಿದಲ್ಲಿ ಅಂತಹ ವಿಲೇವಾರಿ ಅಸಿಂಧುವಾಗುತ್ತದೆ (ಕಲಂ 38ಎ).

4. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976. ಉದ್ಯಾನವನದ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು.

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ನಿದರ್ಶನ ಇಲ್ಲಿ ಗಮನಾರ್ಹ. ಯೋಜನೆಯಲ್ಲಿ ಉದ್ಯಾನವನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು ಶುಶ್ರೂಷಾಲಯ ಕಟ್ಟಲು ಒಂದು ಖಾಸಗಿ ನ್ಯಾಸಕ್ಕೆ ಹಂಚಿಕೆ ಮಾಡಲಾಗಿತ್ತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೊರೆ ಹೋದರು. ಅವರ ಅರ್ಜಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ವಜಾ ಆಯಿತು. ವಿಭಾಗೀಯ ಪೀಠದಲ್ಲಿ ಪುರಸ್ಕೃತವಾಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪು ನೀಡಿತು. ಶುಶ್ರೂಷಾಲಯ ಜನೋಪಯೋಗಿಯೇ ಆದರೂ ಉದ್ಯಾನವನಕ್ಕೆ ಮೀಸಲಾದ ಜಾಗ ಅದಕ್ಕೆ ಸಲ್ಲದು ಎಂಬುದು ಈ ತೀರ್ಪಿನ ಸಾರ. ನಿವಾಸಿಗಳ ಕೈಯಲ್ಲಿದ್ದ ಬಲವಾದ ದಾಖಲೆಯೆಂದರೆ ಆ ಜಾಗವನ್ನು ಉದ್ಯಾನವನವೆಂದು ತೋರಿಸಿದ ಬಡಾವಣೆ ಯೋಜನೆ.

ಖಾಸಗಿ ಬಡಾವಣೆಗಳಲ್ಲಿ ರಸ್ತೆ, ಉದ್ಯಾನವನ ಮತ್ತು ತೆರೆದ ಜಾಗಗಳನ್ನು ಪ್ರಾಧಿಕಾರಕ್ಕೆ ಅಥವಾ ಸ್ಥಳೀಯ ಸಂಸ್ಥೆಗೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕಾಗುತ್ತದೆ. ನಿವೇಶನ ಕೊಳ್ಳುವವರು ತಮ್ಮ ನಿವೇಶನದ ಪತ್ರಗಳ ಜೊತೆಗೆ ಈ ಪತ್ರದ ಪ್ರತಿಯನ್ನೂ ಕೇಳಿ ಪಡೆಯುವುದು ಒಳ್ಳೆಯದು. ಉದ್ಯಾನವನ ಹಸ್ತಾಂತರವಾಗದೆ ಬಡಾವಣೆ ನಿರ್ಮಿಸಿದವರ ಹೆಸರಿನಲ್ಲಿಯೇ ಉಳಿದಿದ್ದಲ್ಲಿ ಮುಂದೆ ಅದನ್ನು ನಿವೇಶನವಾಗಿ ಮಾರುವ ಸಾಧ್ಯತೆ ಇರುತ್ತದೆ.

ಜನರೇ ಮುಂದೆ ಬಂದು ಕಾಯ್ದಿರಿಸಬಹುದಾದ ಪ್ರದೇಶಗಳು

ಸರ್ಕಾರಿ ಜಮೀನಿಗೆ ಮಾತ್ರವಲ್ಲದೆ ಸಮುದಾಯದ ಹಾಗೂ ಖಾಸಗಿ ಜಮೀನಿಗೂ ರಕ್ಷಣೆ ದೊರಕಿಸುವ ಅವಕಾಶ ಕಾನೂನಿನಲ್ಲಿದೆ.

(ಅ) ಸಮುದಾಯ ಮೀಸಲು ಪ್ರದೇಶ: ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಕಲಂ 36ಸಿ ಪ್ರಕಾರ, ಸಮುದಾಯ ಅಥವಾ ವ್ಯಕ್ತಿಯು ವನ್ಯಜೀವಿ ಹಾಗೂ ಅದರ ನೆಲೆಯನ್ನು ಉಳಿಸಲು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ, ರಾಜ್ಯ ಸರ್ಕಾರವು ಅಂತಹ ಖಾಸಗಿ ಅಥವಾ ಸಾಮುದಾಯಿಕ ಜಮೀನನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಬಹುದು. ಘೋಷಣೆಯ ನಂತರ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಅನುಮೋದನೆ ಇಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು 2007ರಲ್ಲಿ ಹೀಗೆ ಘೋಷಿಸಲಾಯಿತು. ಅಲ್ಲಿ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮುಂತಾದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಘೋಷಣೆಗೆ ಮೊದಲು ತಲೆಮಾರುಗಳಿಂದ ಅವುಗಳನ್ನು ಕಾಪಾಡಿದವರು ಗ್ರಾಮಸ್ಥರು.

(ಆ) ಸಂರಕ್ಷಣಾ ಮೀಸಲು ಪ್ರದೇಶ: ಸದರಿ ಅಧಿನಿಯಮದ ಕಲಂ 36ಎ ಪ್ರಕಾರ ಸರ್ಕಾರದ ಒಡೆತನದ ಪ್ರದೇಶಗಳನ್ನು, ವಿಶೇಷವಾಗಿ ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯಕ್ಕೆ ಹೊಂದಿಕೊಂಡ ಪ್ರದೇಶಗಳನ್ನು, ಸ್ಥಳೀಯರೊಂದಿಗೆ ಸಮಾಲೋಚಿಸಿ ಘೋಷಿಸಲಾಗುತ್ತದೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು (2007) ಮತ್ತು ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತಮಹಲ್ ಕಾವಲು (2011) ಇದಕ್ಕೆ ಉದಾಹರಣೆಗಳು. ಎರಡೂ ಮುಖ್ಯವಾಗಿ ಹುಲ್ಲುಗಾವಲು ಪ್ರದೇಶಗಳು. ದಾಖಲೆಯಲ್ಲಿ ಹುಲ್ಲುಗಾವಲನ್ನು ಬಂಜರು ಎಂದು ಬರೆದ ಮಾತ್ರಕ್ಕೆ ಅದು ಉಪಯೋಗವಿಲ್ಲದ ನೆಲವಾಗುವುದಿಲ್ಲ.

(ಇ) ಜೀವವೈವಿಧ್ಯ ಪಾರಂಪರಿಕ ತಾಣ: ಜೈವಿಕ ವೈವಿಧ್ಯ ಅಧಿನಿಯಮ, 2002ರ ಕಲಂ 37ರಂತೆ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಸರ್ಕಾರ ಘೋಷಿಸುತ್ತದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ಘೋಷಿತವಾಗಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇದರ ವಿಸ್ತೀರ್ಣ ಸುಮಾರು 54 ಎಕರೆ. ತಾಣದ ವಿಸ್ತೀರ್ಣ ಚಿಕ್ಕದೆಂಬ ಕಾರಣಕ್ಕೆ ಅರ್ಜಿ ಸಲ್ಲಿಸಲು ಹಿಂಜರಿಯಬೇಕಾಗಿಲ್ಲ ಎಂಬುದನ್ನು ಇದು ತೋರಿಸುತ್ತದೆ. ಪ್ರಸ್ತಾವನೆಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಸಲ್ಲಿಸಬಹುದು.

(ಅ) ಮತ್ತು (ಆ) ಪ್ರಸ್ತಾವನೆಗಳಿಗಾಗಿ ಆಯಾ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳನ್ನು ಸಂಪರ್ಕಿಸಬೇಕು.

ದಾಖಲೆಗಳನ್ನು ಪರಿಶೀಲಿಸುವ ವಿಧಾನ

ದೂರು ಅಥವಾ ಬೇಡಿಕೆ ಸಲ್ಲಿಸುವ ಮೊದಲು ಈ ಕೆಳಕಂಡ ದಾಖಲೆಗಳನ್ನು ಪಡೆದುಕೊಳ್ಳತಕ್ಕದ್ದು:

1. ಪಹಣಿ (ಆರ್.ಟಿ.ಸಿ.): ನಾಡಕಚೇರಿ, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರ ಅಥವಾ ಅಂತರ್ಜಾಲದ ಮೂಲಕ ಪಡೆಯಬಹುದು. ಕಲಂ 9ರಲ್ಲಿ ಸ್ವಾಧೀನದಾರರ ಹೆಸರಿನ ಜಾಗದಲ್ಲಿ ಸರ್ಕಾರಿ ಗೋಮಾಳ, ಸರ್ಕಾರಿ ಕೆರೆ ಮುಂತಾದ ನಮೂದು ಇದೆಯೇ ನೋಡಬೇಕು.

2. ಖರಾಬು ವಿವರ: ಪಹಣಿಯ ಕಲಂ 3ರಲ್ಲಿ 'ಅ' ಖರಾಬು ಮತ್ತು 'ಬ' ಖರಾಬು ಎಂದು ಎರಡು ಬಗೆ ಇರುತ್ತದೆ. ಸಾಗುವಳಿಗೆ ಬಾರದ ಬಂಡೆ, ಕಣ ಇತ್ಯಾದಿ 'ಅ' ಖರಾಬು. ರಸ್ತೆ, ಬಂಡಿದಾರಿ, ಹಳ್ಳ, ಕುಂಟೆ, ಸ್ಮಶಾನ ಮುಂತಾಗಿ ಸಾರ್ವಜನಿಕ ಬಳಕೆಗೆ ಬಿಟ್ಟದ್ದು 'ಬ' ಖರಾಬು. ಖಾಸಗಿ ಸರ್ವೆ ನಂಬರಿನ ಒಳಗೆ ಇದ್ದರೂ 'ಬ' ಖರಾಬು ಸಾರ್ವಜನಿಕರದ್ದೇ. ಜಮೀನು ಕೊಳ್ಳುವವರು ಇದನ್ನು ಗಮನಿಸದೆ ಪೂರ್ತಿ ವಿಸ್ತೀರ್ಣಕ್ಕೆ ಹಣ ಕೊಟ್ಟು ನಷ್ಟಕ್ಕೆ ಒಳಗಾಗಬಾರದು.

3. ಗ್ರಾಮ ನಕ್ಷೆ, ಟಿಪ್ಪಣಿ, ಆಕಾರಬಂದು: ಭೂಮಾಪನ ಮತ್ತು ಭೂದಾಖಲೆಗಳ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ಪ್ರತಿ ಪಡೆಯಬಹುದು. ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ವ್ಯತ್ಯಾಸವಿದ್ದಲ್ಲಿ ಅರ್ಜಿಯಲ್ಲಿ ತಿಳಿಸಬೇಕು.

4. ಸ್ಥಳ ಗುರುತಿಸಲು: ಇಲಾಖೆಯ ದಿಶಾಂಕ್ ಮೊಬೈಲ್ ತಂತ್ರಾಂಶದಲ್ಲಿ ತಾವು ನಿಂತಿರುವ ಸ್ಥಳದ ಸರ್ವೆ ನಂಬರನ್ನು ತಿಳಿಯಬಹುದು. ಇದು ಮಾಹಿತಿಗಾಗಿ ಮಾತ್ರ; ಗಡಿಯನ್ನು ಭೂಮಾಪಕರ ಅಳತೆಯೇ ನಿರ್ಧರಿಸುತ್ತದೆ.

5. ನಗರಗಳಲ್ಲಿ: ಯೋಜನಾ ಪ್ರಾಧಿಕಾರದಿಂದ ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ.

ಸದರಿ ದಾಖಲೆ ನೇರವಾಗಿ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಧಾರಣವಾಗಿ 150 ಪದಗಳನ್ನು ಮೀರದಂತೆ ಇರಬೇಕು. ಗೋಮಾಳ, ಕೆರೆ ಎರಡರ ಮಾಹಿತಿ ಬೇಕಿದ್ದಲ್ಲಿ ಎರಡು ಪ್ರತ್ಯೇಕ ಅರ್ಜಿ ಕೊಡುವುದು ಉತ್ತಮ. 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ಮುಂದಿನ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.

ಒತ್ತುವರಿ ಬಗ್ಗೆ ದೂರು ಸಲ್ಲಿಸುವ ವಿಧಾನ

ಗ್ರಾಮೀಣ ಪ್ರದೇಶದ ಸರ್ಕಾರಿ ಜಮೀನಿನ ಒತ್ತುವರಿ ಬಗ್ಗೆ ತಾಲ್ಲೂಕಿನ ತಹಶೀಲ್ದಾರರಿಗೆ ಲಿಖಿತ ದೂರು ಸಲ್ಲಿಸಬೇಕು. ಪ್ರತಿಯನ್ನು ಉಪವಿಭಾಗಾಧಿಕಾರಿಗಳಿಗೆ ಹಾಗೂ ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕಳುಹಿಸಬಹುದು. ನಗರಗಳಲ್ಲಿ ಉದ್ಯಾನವನ ಹಾಗೂ ಮೈದಾನದ ಬಗ್ಗೆ ಪಾಲಿಕೆ ಆಯುಕ್ತರಿಗೆ, ಪುರಸಭೆ ಮುಖ್ಯಾಧಿಕಾರಿಗೆ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರಿಗೆ ದೂರು ನೀಡಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳಿರುವುದರಿಂದ, ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ದೂರಿನ ಮೇಲೆ ಸಾಮಾನ್ಯವಾಗಿ ಈ ಹಂತಗಳಲ್ಲಿ ಕ್ರಮ ಜರುಗುತ್ತದೆ: ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ಸ್ಥಳ ಪರಿಶೀಲನೆ, ಸರ್ಕಾರಿ ಭೂಮಾಪಕರ ಅಳತೆ ಮತ್ತು ನಕ್ಷೆ, ಒತ್ತುವರಿದಾರರಿಗೆ ನೋಟೀಸು ಮತ್ತು ಅವರ ಅಹವಾಲು, ಭೂ ಕಂದಾಯ ಅಧಿನಿಯಮದ ಕಲಂ 94 ಮತ್ತು 104ರಡಿ ತೆರವು ಆದೇಶ, ತೆರವು, ಮಹಜರು ಮತ್ತು ಗಡಿ ಗುರುತು. ಅಳತೆಯ ದಿನ ಅರ್ಜಿದಾರರು ಸ್ಥಳದಲ್ಲಿ ಹಾಜರಿದ್ದು ಹಳೆಯ ಗಡಿಕಲ್ಲು, ದಾರಿ, ಮರ ಮುಂತಾದ ಗುರುತುಗಳನ್ನು ತೋರಿಸಬೇಕು. ಊರಿನ ಹಿರಿಯರನ್ನು ಕರೆತಂದಲ್ಲಿ ಮಹಜರಿಗೆ ಅನುಕೂಲವಾಗುತ್ತದೆ.

ತೆರವು ಮಾಡಿದ ಜಾಗವನ್ನು ಹಾಗೆಯೇ ಬಿಟ್ಟಲ್ಲಿ ಮತ್ತೆ ಒತ್ತುವರಿಯಾಗುವ ಸಂಭವವಿದೆ. ಗಡಿಕಲ್ಲು ನೆಡುವುದು, ಕಂದಕ ತೋಡುವುದು, ನಾಮಫಲಕ ಹಾಕುವುದು ಮುಂತಾದ ಕೆಲಸಗಳನ್ನು ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಕೋರಬಹುದು.

ಹೊಸದಾಗಿ ಜಾಗ ಕಾಯ್ದಿರಿಸಲು ಅರ್ಜಿ

ಶಾಲೆಯ ಆಟದ ಮೈದಾನ, ಸ್ಮಶಾನ, ಗೋಮಾಳ, ಗುಂಡುತೋಪು ಇತ್ಯಾದಿ ಉದ್ದೇಶಕ್ಕೆ ಬಹುಕಾಲದಿಂದ ಬಳಕೆಯಲ್ಲಿದ್ದೂ ದಾಖಲೆಯಲ್ಲಿ ಸರ್ಕಾರಿ ಜಮೀನೆಂದು ಮಾತ್ರ ಇರುವ ಜಾಗಗಳು ಹೆಚ್ಚು ಅಪಾಯದಲ್ಲಿರುತ್ತವೆ. ಉದ್ದೇಶ ನಮೂದಾಗದ ಜಮೀನು ಲಭ್ಯ ಜಮೀನೆಂದು ಪರಿಗಣಿತವಾಗಿ ಬೇರೆಯವರಿಗೆ ಮಂಜೂರಾಗಬಹುದು. ಇದನ್ನು ತಪ್ಪಿಸಲು:

1. ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ನಿರ್ಣಯ ಪಡೆಯಬೇಕು.
2. ನಿರ್ಣಯದ ಪ್ರತಿ, ಪಹಣಿ, ಗ್ರಾಮ ನಕ್ಷೆಯೊಂದಿಗೆ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು.
3. ಅಳತೆ ನಕ್ಷೆ ಮತ್ತು ವರದಿಯೊಂದಿಗೆ ಪ್ರಸ್ತಾವನೆ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ಕಲಂ 71ರಡಿ ಆದೇಶವಾಗುತ್ತದೆ.
4. ಆದೇಶದ ನಂತರ ಪಹಣಿಯಲ್ಲಿ ನಮೂದು ಆಗಿದೆಯೇ ಎಂದು ಹೊಸ ಪಹಣಿ ತೆಗೆದು ನೋಡಬೇಕು. ಆದೇಶ ಕಡತದಲ್ಲಿಯೇ ಉಳಿದು ಪಹಣಿಗೆ ಏರದಿದ್ದಲ್ಲಿ ಶ್ರಮ ವ್ಯರ್ಥವಾಗುತ್ತದೆ.

ಮಾದರಿ ಅರ್ಜಿ

ಇವರಿಗೆ,
ತಹಶೀಲ್ದಾರರು,
................ ತಾಲ್ಲೂಕು.

ಮಾನ್ಯರೇ,

ವಿಷಯ: ................ ಗ್ರಾಮದ ಸರ್ವೆ ನಂಬರ್ ........ರ ಸರ್ಕಾರಿ (ಗೋಮಾಳ / ಕೆರೆ / ಸ್ಮಶಾನ) ಜಮೀನಿನ ಅಳತೆ ಹಾಗೂ ಒತ್ತುವರಿ ತೆರವು ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸರ್ವೆ ನಂಬರಿನಲ್ಲಿ ದಾಖಲೆಯಂತೆ ..... ಎಕರೆ ..... ಗುಂಟೆ ಜಮೀನಿದ್ದು, ಇದರ (ಪೂರ್ವ / ಪಶ್ಚಿಮ / ಉತ್ತರ / ದಕ್ಷಿಣ) ಭಾಗದಲ್ಲಿ ಅಂದಾಜು ..... ಗುಂಟೆಯಷ್ಟು ........ ತಿಂಗಳಿನಿಂದ ಒತ್ತುವರಿಯಾಗಿರುವುದು ಕಂಡುಬಂದಿದೆ. ಆದುದರಿಂದ ಸರ್ಕಾರಿ ಭೂಮಾಪಕರಿಂದ ಅಳತೆ ಮಾಡಿಸಿ, ಗಡಿ ಗುರುತಿಸಿ, ಕಾನೂನು ರೀತ್ಯಾ ಕ್ರಮ ಕೈಗೊಳ್ಳಬೇಕೆಂದು ಹಾಗೂ ಅಳತೆಯ ದಿನಾಂಕವನ್ನು ಮುಂಚಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.

ಲಗತ್ತು: ಪಹಣಿ, ಗ್ರಾಮ ನಕ್ಷೆ, ಛಾಯಾಚಿತ್ರಗಳು.

ಸ್ಥಳ:
ದಿನಾಂಕ:
ಅರ್ಜಿದಾರರ ಸಹಿ ಮತ್ತು ವಿಳಾಸ

ಅರ್ಜಿಯ ಎರಡು ಪ್ರತಿ ಸಿದ್ಧಪಡಿಸಿ, ಒಂದರ ಮೇಲೆ ಕಚೇರಿಯ ಮೊಹರು ಹಾಗೂ ದಿನಾಂಕದೊಂದಿಗೆ ಸ್ವೀಕೃತಿ ಪಡೆಯತಕ್ಕದ್ದು. ಒತ್ತುವರಿದಾರರ ಬಗ್ಗೆ ವೈಯಕ್ತಿಕ ಆರೋಪಗಳನ್ನು ಬರೆಯದೆ, ಜಮೀನಿನ ವಿವರಕ್ಕೆ ಮಾತ್ರ ಅರ್ಜಿಯನ್ನು ಸೀಮಿತಗೊಳಿಸಬೇಕು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗೋಮಾಳದಲ್ಲಿ ಕಡಿಮೆ ಬೆಲೆಗೆ ನಿವೇಶನ ಮಾರುತ್ತಿದ್ದಾರೆ. ಕೊಳ್ಳಬಹುದೇ?
ಉತ್ತರ: ಕೊಳ್ಳಬಾರದು. ಮಾರುವವರಿಗೆ ಇಲ್ಲದ ಹಕ್ಕು ಕೊಳ್ಳುವವರಿಗೆ ಬರುವುದಿಲ್ಲ. ಕರಾರು ಪತ್ರ, ಛಾಪಾ ಕಾಗದದ ಬರಹ, ವಿದ್ಯುತ್ ಬಿಲ್ಲು ಇವು ಯಾವುವೂ ಮಾಲೀಕತ್ವದ ದಾಖಲೆಗಳಲ್ಲ. ತೆರವಿನ ಸಂದರ್ಭದಲ್ಲಿ ಮನೆ ಕಳೆದುಕೊಳ್ಳುವವರು ಕೊಂಡವರೇ.

ಪ್ರಶ್ನೆ: ಬಗರ್‌ಹುಕುಂ ಸಾಗುವಳಿ ಸಕ್ರಮಕ್ಕೆ ಅರ್ಜಿ ಕೊಟ್ಟಿದ್ದರೆ ಜಮೀನಿನ ಮೇಲೆ ಹಕ್ಕು ಬರುತ್ತದೆಯೇ?
ಉತ್ತರ: ಇಲ್ಲ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಹಕ್ಕು ಉಂಟಾಗುವುದಿಲ್ಲ. ಮಂಜೂರಾತಿ ಆದೇಶವಾಗಿ ಸಾಗುವಳಿ ಚೀಟಿ ದೊರೆತ ನಂತರ ಮಾತ್ರ ಅದರ ಷರತ್ತುಗಳಿಗೆ ಒಳಪಟ್ಟು ಹಕ್ಕು ಲಭಿಸುತ್ತದೆ.

ಪ್ರಶ್ನೆ: ಬಡಾವಣೆಯ ಉದ್ಯಾನವನದ ಮೂಲೆಯಲ್ಲಿ ಎಲ್ಲರೂ ಒಪ್ಪಿ ಪ್ರಾರ್ಥನಾ ಮಂದಿರ ಕಟ್ಟಬಹುದೇ?
ಉತ್ತರ: ಅವಕಾಶವಿಲ್ಲ. ಸಾರ್ವಜನಿಕ ರಸ್ತೆ, ಉದ್ಯಾನವನ ಹಾಗೂ ಇತರ ಸಾರ್ವಜನಿಕ ಸ್ಥಳಗಳಲ್ಲಿ ಹೊಸದಾಗಿ ಯಾವುದೇ ಧರ್ಮದ ಕಟ್ಟಡ ನಿರ್ಮಿಸಲು ಅನುಮತಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ದಿನಾಂಕ 29-09-2009ರಂದು ಆದೇಶಿಸಿದೆ.

ಪ್ರಶ್ನೆ: ದೂರು ನೀಡಿ ಬಹಳ ದಿನಗಳಾದರೂ ಕ್ರಮವಾಗಿಲ್ಲ. ಮುಂದೇನು?
ಉತ್ತರ: ಸ್ವೀಕೃತಿಯ ಪ್ರತಿಯೊಂದಿಗೆ ಉಪವಿಭಾಗಾಧಿಕಾರಿಗಳಿಗೆ, ನಂತರ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ದೂರಿನ ಮೇಲೆ ಕೈಗೊಂಡ ಕ್ರಮದ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ನ್ಯಾಯಾಲಯಕ್ಕೆ ಹೋಗಬೇಕಾದ ಸಂದರ್ಭದಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಇತರ ಅರ್ಹರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ಕಾನೂನು ನೆರವು ಪಡೆಯಬಹುದು.

ಪ್ರಶ್ನೆ: ಅರ್ಜಿದಾರರಿಗೆ ಆ ಜಮೀನಿನಲ್ಲಿ ಸ್ವಂತ ಹಕ್ಕು ಇರಬೇಕೇ?
ಉತ್ತರ: ಬೇಕಾಗಿಲ್ಲ. ಗೋಮಾಳಕ್ಕೆ ದನ ಅಟ್ಟುವವರು, ಕೆರೆಯ ನೀರು ಬಳಸುವವರು, ಉದ್ಯಾನವನದ ಪಕ್ಕ ವಾಸಿಸುವವರು, ಊರಿನ ಯಾವುದೇ ನಿವಾಸಿ ಅರ್ಜಿ ಸಲ್ಲಿಸಬಹುದು.

ಸಾರ್ವಜನಿಕರ ಗಮನಕ್ಕೆ

ವರ್ಷಕ್ಕೆ ಒಮ್ಮೆಯಾದರೂ ತಮ್ಮ ಊರಿನ ಗೋಮಾಳ, ಕೆರೆ, ಸ್ಮಶಾನ ಮತ್ತು ಮೈದಾನದ ಪಹಣಿಯನ್ನು ತೆಗೆದು ನೋಡಿ, ಗಡಿಕಲ್ಲುಗಳನ್ನು ಸ್ಥಳದಲ್ಲಿ ಪರಿಶೀಲಿಸಲು ಕೋರಲಾಗಿದೆ. ಬೇಲಿ ಹಾಕಿದ ದಿನವೇ ನೀಡಿದ ದೂರಿನಿಂದ ಬೇಲಿ ತೆಗೆಸುವುದು ಸುಲಭ. ಹತ್ತು ವರ್ಷಗಳ ನಂತರ ನೀಡಿದ ದೂರಿನಿಂದ ತೆಗೆಸಬೇಕಾಗುವುದು ಯಾರೋ ಒಬ್ಬರ ತೋಟವನ್ನು ಅಥವಾ ಮನೆಯನ್ನು.

ಸೂಚನೆ: ಈ ಪುಟದ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ಮೊದಲು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸತಕ್ಕದ್ದು.